ಕುದುರೆಯ ಕುಲ, ಸಾಹಣಿಯ ಕೈ

ನಳನ ಕಥೆಯಲ್ಲಿ ಒಂದು ಸೊಗಸಾದ ಪ್ರಸಂಗವಿದೆ. ದಮಯಂತಿಗೆ ಎರಡನೆಯ ಸ್ವಯಂವರವೆಂಬ ಸುದ್ದಿ ಕೇಳಿ ಅಯೋಧ್ಯೆಯ ಅರಸನಾದ ಋತುಪರ್ಣ ಒಂದೇ ದಿನದಲ್ಲಿ ವಿದರ್ಭವನ್ನು ಮುಟ್ಟಲು ಹೊರಡುತ್ತಾನೆ. ಅವನ ಸಾರಥಿಯಾದ ಬಾಹುಕನೇ ವೇಷ ಮರೆಸಿಕೊಂಡಿರುವ ನಳ. ಲಾಯಕ್ಕೆ ಹೋದ ಬಾಹುಕ ಮತ್ತೆ ಮತ್ತೆ ಪರೀಕ್ಷಿಸಿ, ಕೊನೆಗೆ ಸಿಂಧೂ ದೇಶದಲ್ಲಿ ಹುಟ್ಟಿದ ಬಡಕಲು ಕುದುರೆಗಳನ್ನು ಆರಿಸಿ ತರುತ್ತಾನೆ. ಅರಸನಿಗೆ ಸಿಟ್ಟು ಬರುತ್ತದೆ. ಇಂಥ ಸೊರಗಿದ ಪ್ರಾಣಿಗಳು ಅಷ್ಟು ದೂರದ ದಾರಿಯನ್ನು ಸವೆಸುವುದುಂಟೆ? ಇವೇ ನಮ್ಮನ್ನು ಮುಟ್ಟಿಸುತ್ತವೆ, ಬೇರೆಯವೇ ಬೇಕೆಂದರೆ ಹೇಳಿ, ಅವನ್ನೇ ಕಟ್ಟುತ್ತೇನೆ ಎನ್ನುತ್ತಾನೆ ಬಾಹುಕ. ಸಂಜೆಯ ಹೊತ್ತಿಗೆ ರಥ ವಿದರ್ಭದಲ್ಲಿತ್ತು. ನಳನಿಗೆ ತಿಳಿದಿದ್ದ ಆ ವಿದ್ಯೆಯನ್ನು ನಮ್ಮ ಹಿರಿಯರು ಅಶ್ವಹೃದಯವೆಂದು ಕರೆದರು.

ಈ ಕಥೆಯನ್ನು ಕೇಳಿದವರಿಗೆ ಒಂದು ಪ್ರಶ್ನೆ ಉಳಿಯುತ್ತದೆ. ಆ ದಿನದ ಗೆಲುವು ಯಾರದು? ಸಿಂಧೂ ದೇಶದ ತಳಿಯದೆ, ಅದನ್ನು ಗುರುತಿಸಿದ ಕಣ್ಣಿನದೆ, ಅಥವಾ ಲಗಾಮು ಹಿಡಿದ ಕೈಯದೆ? "ತಾಯಿಯಂತೆ ಮಗಳು, ನೂಲಿನಂತೆ ಸೀರೆ" ಎಂಬ ಗಾದೆ ನಮ್ಮಲ್ಲಿದೆ. ಗಾದೆ ಸುಳ್ಳಲ್ಲ, ಆದರೆ ಅದು ನೇಕಾರನ ಮಾತನ್ನೇ ಎತ್ತುವುದಿಲ್ಲ. ನೂಲಿನ ಪಾಲೆಷ್ಟು, ನೇಕಾರನ ಪಾಲೆಷ್ಟು ಎಂಬುದನ್ನು ಮನುಷ್ಯರು ಅಪಾರ ಹಣ ತೆತ್ತು, ಮುನ್ನೂರು ವರ್ಷಗಳ ಕಾಲ ಲೆಕ್ಕವಿಟ್ಟು ಪರೀಕ್ಷಿಸಿದ ಒಂದು ಕ್ಷೇತ್ರವಿದೆ. ಅದು ಓಟದ ಕುದುರೆಯ ಸಾಕಣೆ. ಜೂಜಿನ ಮೈದಾನವನ್ನು ಕಣ್ಣೆತ್ತಿ ನೋಡದವರಿಗೂ ಅದರ ಇತಿಹಾಸದಲ್ಲಿ ತಿಳಿಯಬೇಕಾದದ್ದು ಇದೆ ಎಂಬುದೇ ಈ ಭಾಷಣಕ್ಕೆ ನೆಪ.

ಇಂದು ಜಗತ್ತಿನ ದೊಡ್ಡ ಪಂದ್ಯಗಳಲ್ಲಿ ಓಡುವ ಥರೋಬ್ರೆಡ್ ತಳಿ ರೂಪುಗೊಂಡದ್ದು ಇಂಗ್ಲೆಂಡಿನಲ್ಲಿ, ಹದಿನೇಳನೆಯ ಶತಮಾನದ ಕೊನೆ ಮತ್ತು ಹದಿನೆಂಟನೆಯ ಶತಮಾನದಲ್ಲಿ. ಪೂರ್ವದೇಶಗಳಿಂದ ಬಂದ ಗಂಡುಕುದುರೆಗಳನ್ನು ಅಲ್ಲಿದ್ದ ಹೆಣ್ಣುಕುದುರೆಗಳೊಡನೆ ಕೂಡಿಸಿ ಪಡೆದ ತಳಿ ಅದು. ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್ ಎಂಬ ಮೂರು ಕುದುರೆಗಳನ್ನು ಅದರ ಮೂಲಪುರುಷರೆಂದು ಹೇಳುವುದು ವಾಡಿಕೆ. ಇವುಗಳಲ್ಲಿ ಡಾರ್ಲಿ ಅರೇಬಿಯನ್ 1704ರಲ್ಲಿ ಸಿರಿಯಾ ದೇಶದ ಅಲೆಪ್ಪೊ ನಗರದಿಂದ ಯಾರ್ಕ್‌ಷೈರಿಗೆ ಬಂದದ್ದು. ಇಂದಿನ ಥರೋಬ್ರೆಡ್ ಗಂಡುಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚಿನವು ತಂದೆಯ ಕಡೆಯಿಂದ ಆ ಒಂದೇ ಕುದುರೆಯ ಸಂತಾನ. 1791ರಲ್ಲಿ ಜೇಮ್ಸ್ ವೆದರ್‌ಬಿ ಎಂಬಾತ ಈ ತಳಿಯ ವಂಶಾವಳಿಯನ್ನು ಅಚ್ಚು ಹಾಕಿಸಲು ತೊಡಗಿದ. ನಮ್ಮ ಶಾಸನಗಳಲ್ಲಿ ಅರಸು ಮನೆತನಗಳಿಗೆ ವಂಶಾವಳಿ ಇರುವಂತೆ, ಕುದುರೆಗೂ ತಂದೆ, ತಾಯಿ, ಅಜ್ಜ, ಮುತ್ತಜ್ಜಿಯರ ಲಿಖಿತ ದಾಖಲೆ ಸಿದ್ಧವಾಯಿತು. ಆ ಪುಸ್ತಕದಲ್ಲಿ ಹೆಸರಿಲ್ಲದ ಕುದುರೆಗೆ ಕುಲವಿಲ್ಲ.

ಈ ತಳಿಯ ಮೊದಲ ಮಹಾವೀರ ಎಕ್ಲಿಪ್ಸ್. 1764ರ ಏಪ್ರಿಲ್ 1ರಂದು, ಸೂರ್ಯಗ್ರಹಣದ ದಿನ ಹುಟ್ಟಿದ್ದರಿಂದ ಅದಕ್ಕೆ ಆ ಹೆಸರು. ಗ್ರಹಣದಲ್ಲಿ ಹುಟ್ಟಿದ ಮರಿಯ ಜಾತಕವನ್ನು ನಮ್ಮ ಜೋಯಿಸರು ಹೇಗೆ ಓದುತ್ತಿದ್ದರೋ! ಒಡೆಯನಾಗಿದ್ದ ಕಂಬರ್ಲೆಂಡಿನ ಡ್ಯೂಕ್ ಮರುವರ್ಷವೇ ತೀರಿಕೊಂಡಾಗ ಅದನ್ನು ವಿಲಿಯಂ ವೈಲ್ಡ್‌ಮನ್ ಎಂಬ ಮಾಂಸದ ವ್ಯಾಪಾರಿ 75 ಗಿನಿಗಳಿಗೆ ಕೊಂಡ. ಕುದುರೆಗೆ ಮೂಗಿನ ತುದಿಯಲ್ಲೇ ಕೋಪ. ಬೀಜ ಒಡೆಸಿಬಿಡುವ ಮಾತೂ ಬಂದಿತ್ತಂತೆ. ಅವಸರ ಮಾಡದೆ ಐದು ವರ್ಷ ತುಂಬುವವರೆಗೆ ಅದನ್ನು ಪಂದ್ಯಕ್ಕೆ ಬಿಡಲಿಲ್ಲ. 1769 ಮತ್ತು 1770ರಲ್ಲಿ ಅದು ಹದಿನೆಂಟು ಪಂದ್ಯಗಳಲ್ಲಿ ಓಡಿ ಒಂದರಲ್ಲೂ ಸೋಲಲಿಲ್ಲ. ಎದುರಾಳಿಗಳೇ ಇಲ್ಲವಾದ್ದರಿಂದ ಅದನ್ನು ಓಟದಿಂದ ಬಿಡಿಸಬೇಕಾಯಿತು.

1789ರಲ್ಲಿ ಎಕ್ಲಿಪ್ಸ್ ಸತ್ತಾಗ, ಅದರ ವೇಗದ ಗುಟ್ಟು ಎಲ್ಲಿದೆಯೆಂದು ಹುಡುಕಲು ಸೇಂಟ್‌ಬೆಲ್ ಎಂಬ ಫ್ರೆಂಚ್ ಪಶುವೈದ್ಯ ಅದರ ದೇಹವನ್ನು ಬಿಡಿಸಿ, ಎಲುಬುಗಳನ್ನು ಅಳೆದು, ಹೃದಯವನ್ನು ತೂಗಿದ. ಎರಡೇ ವರ್ಷಗಳಲ್ಲಿ ಲಂಡನ್ನಿನಲ್ಲಿ ಇಂಗ್ಲೆಂಡಿನ ಮೊದಲ ಪಶುವೈದ್ಯ ಕಾಲೇಜು ಆರಂಭವಾದಾಗ ಅವನೇ ಅದರ ಮೊದಲ ಪ್ರಾಧ್ಯಾಪಕನಾದ. ಗೆದ್ದ ಕುದುರೆಯನ್ನು ಬಗೆದು ಗೆಲುವಿನ ಕಾರಣ ಹುಡುಕುವ ಪರಿಪಾಠ ಅಲ್ಲಿಂದ ಇಂದಿನವರೆಗೂ ನಿಂತಿಲ್ಲ. ಅಂದು ಎಲುಬಿನಲ್ಲಿ ಹುಡುಕಿದ್ದನ್ನು ಇಂದು ಜೀನುಗಳಲ್ಲಿ ಹುಡುಕುತ್ತಾರೆ, ಅಷ್ಟೆ.

ಕುಲವೇ ಎಲ್ಲವೂ ಆಗಿದ್ದರೆ ಒಳ್ಳೆಯ ತಳಿಯನ್ನು ತಂದ ನಾಡಿನಲ್ಲೆಲ್ಲ ಒಳ್ಳೆಯ ಕುದುರೆಗಳು ಹುಟ್ಟಬೇಕಿತ್ತು. ಹಾಗಾಗಲಿಲ್ಲ ಎಂಬುದಕ್ಕೆ ನಮ್ಮ ದಕ್ಷಿಣ ದೇಶವೇ ಸಾಕ್ಷಿ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಕೋರಮಂಡಲ ತೀರವನ್ನು ಕಂಡ ಮಾರ್ಕೊ ಪೋಲೊ, ಅಲ್ಲಿಯ ಅರಸರು ಹಾರ್ಮುಜ್, ಏಡನ್ ಮುಂತಾದ ಕಡೆಗಳಿಂದ ಪ್ರತಿವರ್ಷ ಸಾವಿರಗಟ್ಟಲೆ ಕುದುರೆಗಳನ್ನು ತರಿಸುತ್ತಿದ್ದರೆಂದೂ ವರ್ಷ ಮುಗಿಯುವುದರೊಳಗೆ ಅವುಗಳಲ್ಲಿ ಬಹುಪಾಲು ಸತ್ತುಹೋಗುತ್ತಿದ್ದವೆಂದೂ ಬರೆದಿದ್ದಾನೆ. ಆರೈಕೆ ಬಲ್ಲವರಿರಲಿಲ್ಲ, ಬೇಯಿಸಿದ ಅನ್ನದೊಡನೆ ಮಾಂಸ ಕಲಸಿ ತಿನ್ನಿಸುತ್ತಿದ್ದರು. ಅತ್ಯುತ್ತಮ ಗಂಡಿಗೂ ಅತ್ಯುತ್ತಮ ಹೆಣ್ಣಿಗೂ ಹುಟ್ಟಿದ ಮರಿ ಅಲ್ಲಿ ಕಾಲು ಸೊಟ್ಟಾಗಿ, ಸವಾರಿಗೆ ಬಾರದಂತಾಗುತ್ತಿತ್ತೆಂದೂ ಅವನು ಹೇಳುತ್ತಾನೆ.

ವಿಜಯನಗರದ ಕಾಲದಲ್ಲಿಯೂ ಸ್ಥಿತಿ ಬಹಳ ಬದಲಾಗಲಿಲ್ಲ. ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ಪೋರ್ಚುಗೀಸ್ ಪ್ರವಾಸಿ ನೂನಿಜ್, ಅರಸು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಬರೆದಿದ್ದಾನೆ. ಸಾಳುವ ನರಸಿಂಹನಂತೂ ಹಡಗಿನಲ್ಲಿ ಸತ್ತ ಕುದುರೆಗಳ ಬಾಲವನ್ನು ತಂದು ತೋರಿಸಿದರೂ ಬೆಲೆ ಕೊಡುತ್ತಿದ್ದನಂತೆ! ಹೊಯ್ಸಳರ ಶಾಸನಗಳಲ್ಲಿ ಸಾಹಣಿ, ಮಹಾಸಾಹಣಿ ಎಂಬ ಅಶ್ವಾಧಿಕಾರಿಗಳ ಬಿರುದುಗಳಿವೆ. ಕುದುರೆಯನ್ನು ಬಲ್ಲವರು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಆದರೆ ಕೊಳ್ಳುವ ರಾಜ್ಯ ಬೇರೆ, ಬೆಳೆಸುವ ರಾಜ್ಯ ಬೇರೆ. ಸಮುದ್ರದಾಚೆಯಿಂದ ವರ್ಷ ವರ್ಷವೂ ನೂಲನ್ನು ತರಿಸಿದೆವು. ಮಗ್ಗ ಮಾತ್ರ ಕೊನೆಗೂ ಸರಿಯಾಗಿ ಕೂಡಲಿಲ್ಲ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಸೈನ್ಯಕ್ಕೆಂದು ಕುಣಿಗಲಿನಲ್ಲಿ ತಲೆಯೆತ್ತಿದ ಕುದುರೆ ಫಾರಂ ಈ ಕೊರತೆಯನ್ನು ತುಂಬುವ ಒಂದು ಯತ್ನವಾಗಿತ್ತು. ಅದೇ ನೆಲದಲ್ಲಿ ಮುಂದೆ ಓಟದ ಕುದುರೆಗಳು ಬೆಳೆದವು. ಮರಿಯ ಎಲುಬು ಗಟ್ಟಿಯಾಗಬೇಕಾದರೆ ಮೇವಿನಲ್ಲಿ ಸುಣ್ಣದ ಅಂಶವೂ ರಂಜಕವೂ ತಕ್ಕ ಪ್ರಮಾಣದಲ್ಲಿರಬೇಕು, ಅದು ದಿನವೂ ಬಯಲಿನಲ್ಲಿ ಓಡಾಡಬೇಕು ಎಂದು ಇಂದಿನ ಪಶುವೈದ್ಯರು ಹೇಳುತ್ತಾರೆ. ವಂಶಾವಳಿಯ ಪುಸ್ತಕ ಎಷ್ಟೇ ದಪ್ಪವಾಗಿದ್ದರೂ ಹುಲ್ಲುಗಾವಲಿನ ಕೆಲಸವನ್ನು ಅದು ಮಾಡಲಾರದು.

ಕುಲ, ನೆಲ, ಕೈ ಈ ಮೂರನ್ನೂ ಒಬ್ಬನೇ ತನ್ನ ಹಿಡಿತಕ್ಕೆ ತಂದುಕೊಂಡರೆ ಏನಾದೀತು? ಇದಕ್ಕೆ ಉತ್ತರ ಕೊಟ್ಟವನು ಇಟಲಿಯ ಫೆಡೆರಿಕೊ ಟೆಸಿಯೊ. 1869ರಲ್ಲಿ ಟ್ಯೂರಿನ್ ನಗರದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು, ಯೌವನದಲ್ಲಿ ಸವಾರನಾಗಿ ದೇಶಾಂತರಗಳನ್ನು ಸುತ್ತಿ ಬಂದವನು. 1898ರಲ್ಲಿ ಮಜ್ಜೋರೆ ಸರೋವರದ ದಂಡೆಯ ದೊರ್ಮೆಲ್ಲೊ ಎಂಬಲ್ಲಿ ಅವನು ಕುದುರೆ ಸಾಕಣೆಯನ್ನು ಆರಂಭಿಸಿದ. ಇಂಗ್ಲೆಂಡಿನ ಲಾರ್ಡ್ ಡರ್ಬಿಯಂಥವರ ಸಿರಿ ಅವನಿಗಿರಲಿಲ್ಲ. ಇದ್ದದ್ದು ಕೆಲವೇ ಹೆಣ್ಣುಕುದುರೆಗಳು. ಅಂಥ ಸಣ್ಣ ಲಾಯದಿಂದ ಅವನು ಇಟಲಿಯ ಡರ್ಬಿ ಪಂದ್ಯವನ್ನು ಇಪ್ಪತ್ತಕ್ಕೂ ಹೆಚ್ಚು ಬಾರಿ ಗೆದ್ದ.

ಅವನ ಕ್ರಮವನ್ನು ನೋಡಬೇಕು. ಯಾವ ಗಂಡಿಗೆ ಯಾವ ಹೆಣ್ಣು ಎಂದು ನಿಶ್ಚಯಿಸುವವನೂ ಅವನೇ, ಮರಿಯನ್ನು ಬೆಳೆಸುವವನೂ ಅವನೇ, ಓಟಕ್ಕೆ ಪಳಗಿಸುವವನೂ ಅವನೇ. ಬೇರೆ ಕಡೆ ಈ ಮೂರು ಕೆಲಸಗಳು ಮೂವರ ಕೈಯಲ್ಲಿರುತ್ತಿದ್ದವು. ಸೋತಾಗ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಿದ್ದರು. ಟೆಸಿಯೊಗೆ ಹಾಗೆ ತೋರಿಸಲು ಯಾರೂ ಇರಲಿಲ್ಲ. ಆದ್ದರಿಂದಲೇ ಅವನು ಪ್ರತಿಯೊಂದು ಸೋಲಿನಿಂದಲೂ ಕಲಿಯಬೇಕಾಯಿತು. ತನ್ನ ಮನೆಯ ಗಂಡುಕುದುರೆಯನ್ನೇ ನೆಚ್ಚಿ ಕೂರುವ ಮೋಹಕ್ಕೂ ಅವನು ಬೀಳಲಿಲ್ಲ. ತಾನೇ ಬೆಳೆಸಿ ಗೆಲ್ಲಿಸಿದ ಗಂಡುಗಳನ್ನು ಮಾರಿ, ತನ್ನ ಹೆಣ್ಣುಗಳಿಗೆ ತಕ್ಕ ಜೋಡಿಯನ್ನು ಫ್ರಾನ್ಸ್, ಇಂಗ್ಲೆಂಡುಗಳಲ್ಲಿ ಅರಸುತ್ತಿದ್ದ. ಚಳಿಗಾಲ ಬಂತೆಂದರೆ ಎಳೆಯ ಮರಿಗಳು ಸರೋವರದ ಥಂಡಿಯನ್ನು ಬಿಟ್ಟು ರೋಮಿನ ಬಳಿಯ ಓಲ್ಜಾತಾ ಎಂಬ ಬೆಚ್ಚನೆಯ ಹುಲ್ಲುಗಾವಲಿಗೆ ಹೋಗುತ್ತಿದ್ದವು.

1915ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಇಂಗ್ಲೆಂಡಿನಲ್ಲಿ ಕುದುರೆಗಳ ಬೆಲೆ ನೆಲಕಚ್ಚಿತ್ತು. ಆಗ ನ್ಯೂಮಾರ್ಕೆಟ್ಟಿನ ಹರಾಜಿನಲ್ಲಿ ಟೆಸಿಯೊ ಕ್ಯಾಟ್‌ನಿಪ್ ಎಂಬ ಹೆಣ್ಣುಕುದುರೆಯನ್ನು 75 ಗಿನಿಗಳಿಗೆ ಕೊಂಡ. ಎಕ್ಲಿಪ್ಸಿಗೆ ಮಾಂಸದ ವ್ಯಾಪಾರಿ ತೆತ್ತ ಬೆಲೆಯೂ ಇಷ್ಟೇ ಎಂಬುದು ಕೇಳುಗರಿಗೆ ನೆನಪಿರಬಹುದು. ಕ್ಯಾಟ್‌ನಿಪ್ ಓಟದಲ್ಲಿ ಹೆಸರು ಮಾಡಿದ್ದಲ್ಲ. ಆದರೆ ಅದರ ತಾಯಿ 1899ರಲ್ಲಿ ಇಂಗ್ಲೆಂಡಿನ ಸಾವಿರ ಗಿನಿಗಳ ಪಂದ್ಯವನ್ನು ಗೆದ್ದಿತ್ತು. ತಂದೆ 1906ರ ಡರ್ಬಿ ವಿಜೇತ. ಟೆಸಿಯೊ ಕುಲವನ್ನು ಕಡೆಗಣಿಸಿದವನಲ್ಲ. ಪೇಟೆ ಕಟ್ಟಿದ ಬೆಲೆಯನ್ನೇ ಕುಲವೆಂದು ನಂಬದಿದ್ದವನು. ಕ್ಯಾಟ್‌ನಿಪ್ಪಿನ ಮಗಳು ನೊಗಾರಾ ಇಟಲಿಯಲ್ಲಿ ಎರಡು ಹಿರಿಯ ಪಂದ್ಯಗಳನ್ನು ಗೆದ್ದಿತು. ಅದಕ್ಕೆ ಫೇರ್‌ವೇ ಎಂಬ ಗಂಡನ್ನು ಜೋಡಿ ಮಾಡಬೇಕೆಂದು ಟೆಸಿಯೊ ಬಯಸಿದ. ಫೇರ್‌ವೇಗೆ ಆ ವರ್ಷ ಬಿಡುವಿರಲಿಲ್ಲ. ಒಲ್ಲದ ಮನಸ್ಸಿನಿಂದ ಅದರ ಒಡಹುಟ್ಟಿದ ಫಾರೋಸ್ ಇದ್ದ ಫ್ರಾನ್ಸಿಗೆ ನೊಗಾರಾವನ್ನು ಕಳಿಸಬೇಕಾಯಿತು. 1935ರಲ್ಲಿ ಹುಟ್ಟಿದ ಮರಿಯೇ ನೆಯಾರ್ಕೊ. ಹದಿನಾಲ್ಕು ಪಂದ್ಯಗಳಲ್ಲಿ ಓಡಿ ಹದಿನಾಲ್ಕನ್ನೂ ಗೆದ್ದ ಕುದುರೆ ಅದು. ಅಷ್ಟು ನಿಷ್ಠುರ ಲೆಕ್ಕಾಚಾರದ ಮನುಷ್ಯನ ಅತ್ಯಂತ ದೊಡ್ಡ ಗೆಲುವಿನ ಬಾಗಿಲನ್ನು ತೆರೆದದ್ದು, ಅವನು ಬೇಡಿದ್ದು ಸಿಗದೆ ಹೋದ ಒಂದು ಆಕಸ್ಮಿಕ.

1938ರ ಜೂನ್ 26ರಂದು ಪ್ಯಾರಿಸ್ಸಿನಲ್ಲಿ, ಮೂರು ಸಾವಿರ ಮೀಟರಿನ ಗ್ರಾಂ ಪ್ರಿ ಪಂದ್ಯದಲ್ಲಿ, ಆ ವರ್ಷದ ಇಂಗ್ಲಿಷ್ ಡರ್ಬಿಯನ್ನೂ ಫ್ರೆಂಚ್ ಡರ್ಬಿಯನ್ನೂ ಗೆದ್ದಿದ್ದ ಕುದುರೆಗಳನ್ನು ನೆಯಾರ್ಕೊ ಹಿಂದೆ ಹಾಕಿತು. ಕೆಲವೇ ದಿನಗಳಲ್ಲಿ 60,000 ಪೌಂಡುಗಳಿಗೆ ಇಂಗ್ಲೆಂಡಿಗೆ ಮಾರಾಟವಾಯಿತು. ಎರಡನೆಯ ಮಹಾಯುದ್ಧ ಬಂದಾಗ ಬಾಂಬಿನಿಂದ ರಕ್ಷಿಸಲು ಅದಕ್ಕೆಂದೇ ಒಂದು ಆಶ್ರಯವನ್ನೂ ಕಟ್ಟಿಸಿದ್ದರು.

ಆ ವರ್ಷವನ್ನು ಇತಿಹಾಸದ ವಿದ್ಯಾರ್ಥಿಗಳು ಬೇರೊಂದು ಕಾರಣಕ್ಕೂ ನೆನೆಯುತ್ತಾರೆ. ನೆಯಾರ್ಕೊ ಗೆದ್ದ ಮರುತಿಂಗಳೇ, ಜುಲೈಯಲ್ಲಿ, ಮುಸೊಲಿನಿಯ ಇಟಲಿಯಲ್ಲಿ ಜನಾಂಗದ ಪ್ರಣಾಳಿಕೆ ಹೊರಬಿತ್ತು. ವರ್ಷ ಮುಗಿಯುವುದರೊಳಗೆ ಅದು ಕಾನೂನಾಯಿತು. ಯಹೂದಿ ಮಕ್ಕಳನ್ನು ಸರ್ಕಾರಿ ಶಾಲೆಗಳಿಂದಲೂ ಯಹೂದಿ ಅಧ್ಯಾಪಕರನ್ನು ವಿಶ್ವವಿದ್ಯಾಲಯಗಳಿಂದಲೂ ಹೊರಗೆ ಹಾಕಿದರು; ಯಹೂದ್ಯರಿಗೂ ಇತರ ಇಟಾಲಿಯನ್ನರಿಗೂ ಮದುವೆ ನಿಷಿದ್ಧವಾಯಿತು. ಲಾಯದ ಮಾತಾಗಿದ್ದ ರಕ್ತ, ತಳಿ, ಶುದ್ಧಿ ಎಂಬ ಶಬ್ದಗಳು ರಾಜ್ಯಶಾಸನದ ಶಬ್ದಗಳಾದವು. ಟೆಸಿಯೊ ಮರುವರ್ಷ ಅದೇ ರಾಜ್ಯದ ಸೆನೆಟ್ಟಿನ ಸದಸ್ಯನಾದ. ರಕ್ತದ ಹೆಸರಿನಲ್ಲಿ ಕಾನೂನು ಮಾಡಿದವರು, ರಕ್ತವನ್ನು ನಾಲ್ವತ್ತು ವರ್ಷ ಹತ್ತಿರದಿಂದ ನೋಡಿದ ಆ ಮನುಷ್ಯನ ಲಾಯದ ಲೆಕ್ಕಪುಸ್ತಕವನ್ನು ಒಮ್ಮೆ ತೆರೆದು ನೋಡಬಹುದಿತ್ತು. ಒಂದೇ ತಾಯಿತಂದೆಗಳಿಗೆ ಹುಟ್ಟಿದ ಮರಿಗಳಲ್ಲಿ ಒಂದು ವೀರನಾದರೆ ಇನ್ನೊಂದು ಗಾಡಿಗೂ ಬಾರದು ಎಂಬುದು ಯಾವ ಲಾಯದಲ್ಲಿಯೂ ಗುಟ್ಟಿನ ಮಾತಲ್ಲ.

ಟೆಸಿಯೊನ ಕೊನೆಯ ಕುದುರೆಯ ಕಥೆ ಇನ್ನೂ ವಿಚಿತ್ರ. 1952ರಲ್ಲಿ ಹುಟ್ಟಿದ ಒಂದು ಮರಿ ತೀರ ಸಣ್ಣದಾಗಿತ್ತು. ಲಾಯದವರು ಅದನ್ನು 'ಚಿಕ್ಕವನು' ಎಂದೇ ಕರೆಯುತ್ತಿದ್ದರು. ಇದರಿಂದ ಏನೂ ಆಗಲಾರದೆಂದು ಇಟಲಿಯ ಡರ್ಬಿಗೆ ಅದರ ಹೆಸರನ್ನೇ ನೋಂದಾಯಿಸಲಿಲ್ಲ. ಆ ಮರಿಯೇ ರಿಬೊ. ಹದಿನಾರು ಪಂದ್ಯಗಳಲ್ಲಿ ಹದಿನಾರು ಗೆಲುವು. 1955 ಮತ್ತು 1956ರಲ್ಲಿ ಪ್ಯಾರಿಸ್ಸಿನ ಆರ್ಕ್ ಪಂದ್ಯ ಸತತ ಎರಡು ಬಾರಿ. ಅದು ದೂರ ಪ್ರಯಾಣ ಮಾಡುವಾಗ ಮನಸ್ಸು ಶಾಂತವಾಗಿರಲೆಂದು ಮಾಜಿಸ್ತ್ರಿಸ್ ಎಂಬ ಒಡನಾಡಿ ಕುದುರೆಯನ್ನೂ ಜೊತೆಗೆ ಕಳಿಸುತ್ತಿದ್ದರು. ಗೆಲುವಿಗೆ ಕಾಲಿನಷ್ಟೇ ಮನಸ್ಸೂ ಮುಖ್ಯವೆಂದು ಬಲ್ಲವರ ಕೆಲಸವಿದು. ಇದೊಂದನ್ನೂ ಟೆಸಿಯೊ ನೋಡಲಿಲ್ಲ. ರಿಬೊ ತನ್ನ ಮೊದಲ ಪಂದ್ಯದಲ್ಲಿ ಓಡುವುದಕ್ಕೆ ಎರಡು ತಿಂಗಳು ಮುಂಚೆ, 1954ರ ಮೇ ತಿಂಗಳಲ್ಲಿ, ಅವನು ತೀರಿಕೊಂಡಿದ್ದ. ಜಗತ್ತಿನ ಅತ್ಯಂತ ಚುರುಕಾದ ಕಣ್ಣುಗಳಿದ್ದ ಲಾಯದಲ್ಲಿಯೂ ಬಡಕಲು ಮರಿಯ ಬೆಲೆ ತಿಳಿಯಲಿಲ್ಲವೆಂದರೆ, ಋತುಪರ್ಣನನ್ನು ನಾವು ಬಹಳ ಆಡಿಕೊಳ್ಳುವಂತಿಲ್ಲ.

ಇನ್ನು ವಿಜ್ಞಾನದ ಮಾತು. 2010ರಲ್ಲಿ ಡಬ್ಲಿನ್ನಿನ ವಿಜ್ಞಾನಿಗಳು, ಕುದುರೆ ಸಣ್ಣ ದೂರದ ಓಟಕ್ಕೆ ತಕ್ಕದ್ದೋ ದೂರದ ಓಟಕ್ಕೆ ತಕ್ಕದ್ದೋ ಎಂಬುದನ್ನು ಬಹುಮಟ್ಟಿಗೆ ಸೂಚಿಸುವ ಒಂದು ಜೀನನ್ನು ಗುರುತಿಸಿದರು. ಸಣ್ಣ ದೂರದ ವೇಗವನ್ನು ಕೊಡುವ ಅದರ ರೂಪ ಥರೋಬ್ರೆಡ್ ತಳಿಯೊಳಕ್ಕೆ ಬಂದದ್ದು ಸುಮಾರು ಮುನ್ನೂರು ವರ್ಷಗಳ ಹಿಂದೆ, ಬಹುಶಃ ಬ್ರಿಟನ್ನಿನದೇ ಆದ ಒಂದೇ ಒಂದು ಹೆಣ್ಣುಕುದುರೆಯಿಂದ ಎಂದು 2012ರಲ್ಲಿ ತಿಳಿದುಬಂತು. ಮೂವರು ಮೂಲಪುರುಷರ ಹೆಸರನ್ನು ಚಿನ್ನದಕ್ಷರದಲ್ಲಿ ಬರೆದಿಟ್ಟವರು ಆ ತಾಯಿಯ ಹೆಸರನ್ನು ಬರೆದಿಡಲಿಲ್ಲ! ವಂಶಾವಳಿಗಳೆಲ್ಲ ಹೀಗೆಯೇ, ಅವು ಹೇಳುವುದರಷ್ಟೇ ಮರೆಯುವುದೂ ಇರುತ್ತದೆ.

2008ರಲ್ಲಿ ಎಡಿನ್‌ಬರೋದ ಇಬ್ಬರು ಸಂಶೋಧಕರು ಮಾಡಿದ ಲೆಕ್ಕ ಇನ್ನೂ ಕಣ್ತೆರೆಸುವಂಥದು. ಕುದುರೆಗಳು ತಮ್ಮ ಜೀವಮಾನದಲ್ಲಿ ಗಳಿಸುವ ಬಹುಮಾನದ ಹಣದಲ್ಲಿ ಕಾಣುವ ವ್ಯತ್ಯಾಸಕ್ಕೆ ವಂಶದಿಂದ ಬಂದ ಗುಣದ ಪಾಲು ಸುಮಾರು ಶೇಕಡಾ 10 ಮಾತ್ರ ಎಂದು ಅವರು ಕಂಡುಕೊಂಡರು. ಗಂಡುಕುದುರೆಯ ಸಂಯೋಗಕ್ಕೆ ತೆರುವ ದುಬಾರಿ ಶುಲ್ಕ ಒಳ್ಳೆಯ ಮರಿಯ ಭರವಸೆಯಲ್ಲ. ಆ ಶುಲ್ಕ ತೆರಬಲ್ಲವರು ಒಳ್ಳೆಯ ಹುಲ್ಲುಗಾವಲಿಗೂ ಒಳ್ಳೆಯ ತರಬೇತುದಾರನಿಗೂ ಒಳ್ಳೆಯ ಸವಾರನಿಗೂ ಹಣ ತೆರಬಲ್ಲವರು. ಅವರ ಗೆಲುವಿನ ಗುಟ್ಟು ಹೆಚ್ಚಾಗಿ ಅಲ್ಲಿದೆ.

ಹಾಗಾದರೆ ಕುಲ ಸುಳ್ಳೆ? ಅಲ್ಲ. ಜಟಕಾ ಕುದುರೆಯನ್ನು ಥರೋಬ್ರೆಡ್ಡಿನ ಪಕ್ಕದಲ್ಲಿ ಓಡಿಸಿದರೆ ಕುಲದ ಬೆಲೆ ಅರೆಗಳಿಗೆಯಲ್ಲಿ ತಿಳಿಯುತ್ತದೆ. ಆದರೆ ಮುನ್ನೂರು ವರ್ಷ ಆರಿಸಿ ಆರಿಸಿ ಎಲ್ಲರ ಕೈಯಲ್ಲಿಯೂ ಒಂದೇ ದರ್ಜೆಯ ನೂಲು ಬಂದಮೇಲೆ, ಸೀರೆ ಸೀರೆಗೂ ವ್ಯತ್ಯಾಸ ಹುಟ್ಟುವುದು ನೇಕಾರನಿಂದ. ಅಷ್ಟೇ ಅಲ್ಲ, ಒಂದೇ ನೂಲನ್ನು ಅತಿಯಾಗಿ ನೆಚ್ಚಿದರೆ ಬಟ್ಟೆಯೇ ಪಿಸಿಯುವ ಭಯವಿದೆ. ನೆಯಾರ್ಕೊನ ಮೊಮ್ಮಗ ನಾರ್ದರ್ನ್ ಡ್ಯಾನ್ಸರ್ ಎಂಬ ಕುದುರೆ ಇಂದು ಬಹುಪಾಲು ಥರೋಬ್ರೆಡ್ಡುಗಳ ವಂಶದಲ್ಲಿದೆ. ಹೀಗೆ ರಕ್ತಸಂಬಂಧ ದಟ್ಟವಾದಷ್ಟೂ ಮರಿ ಪಂದ್ಯದ ಮೈದಾನವನ್ನು ಮುಟ್ಟುವ ಸಂಭವವೇ ಕಡಿಮೆಯಾಗುತ್ತದೆಂದು ಇತ್ತೀಚಿನ ಅಧ್ಯಯನಗಳು ತೋರಿಸಿವೆ.

ಈ ನಾರ್ದರ್ನ್ ಡ್ಯಾನ್ಸರನ್ನು ಗಿಡ್ಡವೆಂದು 1962ರಲ್ಲಿ 25,000 ಡಾಲರಿಗೂ ಯಾರೂ ಕೊಳ್ಳಲಿಲ್ಲ. 1964ರಲ್ಲಿ ಅದು ಅಮೆರಿಕದ ಕೆಂಟಕಿ ಡರ್ಬಿಯನ್ನು ದಾಖಲೆಯ ವೇಗದಲ್ಲಿ ಗೆದ್ದಿತು. ಅದೇ ವಂಶದಲ್ಲಿ ಹುಟ್ಟಿದ ಗ್ರೀನ್ ಮಂಕಿ ಎಂಬ ಕುದುರೆಯನ್ನು 2006ರಲ್ಲಿ ಒಂದು ಕೋಟಿ ಅರುವತ್ತು ಲಕ್ಷ ಡಾಲರುಗಳಿಗೆ ಕೊಂಡರು. ಅದು ಮೂರು ಪಂದ್ಯಗಳಲ್ಲಿ ಓಡಿತು; ಒಂದನ್ನೂ ಗೆಲ್ಲಲಿಲ್ಲ.

ಕುದುರೆಯ ಈ ಇತಿಹಾಸವನ್ನು ಮನುಷ್ಯರಿಗೆ ಹೊಂದಿಸುವಾಗ ಎಚ್ಚರ ಬೇಕು. ಲಾಯದಲ್ಲಿ ಗೆದ್ದದ್ದಕ್ಕೆ ಮಾತ್ರ ಹೆಸರು. ಸೋತ ನೂರಾರು ಮರಿಗಳು ಎಲ್ಲಿ ಹೋದವೆಂದು ಕೇಳುವವರಿಲ್ಲ. ಮನುಷ್ಯಸಮಾಜವನ್ನು ಹಾಗೆ ನಡೆಸಲಾಗದು, ನಡೆಸಬಾರದು. ಆದರೂ ಒಂದು ವಿಷಯದಲ್ಲಿ ಜೂಜಿನ ಮೈದಾನ ನಮಗಿಂತ ಮೇಲಾಗಿದೆ. ಅಲ್ಲಿ ಎಂಥ ಕುಲದ ಮರಿಯೂ ತನ್ನ ತಲೆಮಾರಿನ ಪರೀಕ್ಷೆಯನ್ನು ತಾನೇ ಓಡಿ ಗೆಲ್ಲಬೇಕು. ಅಜ್ಜನ ಗೆಲುವು ಮೊಮ್ಮಗನ ಲೆಕ್ಕಕ್ಕೆ ಜಮೆಯಾಗುವುದಿಲ್ಲ. ಎಪ್ಪತ್ತೈದು ಗಿನಿಯ ಮರಿಯೂ ಕೋಟಿ ಡಾಲರಿನ ಮರಿಯೂ ಓಡುವುದು ಒಂದೇ ಗೆರೆಯಿಂದ.

ಹಸ್ತಿನಾವತಿಯ ರಂಗದಲ್ಲಿ ಹಾಗಾಗಲಿಲ್ಲ. ಅರ್ಜುನನಿಗೆ ಎದುರಾಗಿ ನಿಂತ ಕರ್ಣನನ್ನು ಕೃಪಾಚಾರ್ಯರು ಮೊದಲು ಕೇಳಿದ್ದು ಅವನ ಕುಲವನ್ನು. ಸೂತನಾದ ಅಧಿರಥ ಅವನ ತಂದೆಯೆಂದು ತಿಳಿದೊಡನೆ, ನಿನ್ನ ಕುಲಕ್ಕೆ ತಕ್ಕಂತೆ ಚಾವಟಿ ಹಿಡಿ ಎಂದು ಭೀಮ ಹಂಗಿಸಿದ. ಬಿಲ್ಲು ಬಾಗುವ ಮುಂಚೆ ಹೊತ್ತು ಮುಳುಗಿತು. ಪಂದ್ಯ ನಡೆಯಲೇ ಇಲ್ಲ. ಕುದುರೆಯನ್ನು ಬಲ್ಲ ಸಾರಥಿಯ ಮನೆಯಲ್ಲಿ ಬೆಳೆದವನನ್ನು, ಕುದುರೆಗೂ ನಾವು ಕೊಡುವ ಒಂದು ಅವಕಾಶ ಕೊಡದೆ ಕಳಿಸಿದರು. ಅದರ ಬೆಲೆಯನ್ನು ಕುರುಕ್ಷೇತ್ರದಲ್ಲಿ ಎರಡು ಪಕ್ಷದವರೂ ತೆತ್ತರು.